ಏಕವಚನ

ಮಾರ್ಚ್ 3, ಸೋಮವಾರ

ಡೈರಿಯೇ, ಏಳು! ಎರಡು ವರ್ಷ ಪೆಟ್ಟಿಗೆಯ ತಳದಲ್ಲಿ ಹಾಯಾಗಿ ಮಲಗಿದ್ದ ನಿನ್ನನ್ನು ಧೂಳು ಕೊಡವಿ ಎಬ್ಬಿಸಿದ್ದೇನೆಂದರೆ ಕಾರಣವಿದೆ. ಪರದೆ ಮೇಲೆ ಹೋಗಲಿ, ದೀಪ ಬೀಳಲಿ. ಯುದ್ಧ ಘೋಷಣೆಯಾಗಿದೆ!

ಬೆಳಿಗ್ಗೆ ಕಾರ್ಖಾನೆಯ ಬಾಗಿಲಲ್ಲೇ ಕಾಗದ ಅಂಟಿಸಿದ್ದರು. ಏಪ್ರಿಲ್ ಹನ್ನೊಂದರಂದು ಒಣಗಿಸುವ ಶೆಡ್ಡಿನ ಎಲ್ಲರಿಗೂ ಕಿವಿ ಪರೀಕ್ಷೆಯಂತೆ. ಪಾಸಾಗದವರನ್ನು ಯಂತ್ರದಿಂದ ಬಿಡಿಸಿ ಬೇರೆ ಕೆಲಸಕ್ಕೆ ಹಾಕುತ್ತಾರಂತೆ. ಕೆಳಗೆ ಸಹಿ ಇಂಜಿನಿಯರಮ್ಮನದು. ಹೊಸದಾಗಿ ಬಂದವಳು, ನಮ್ಮ ಪ್ರಾಣ ಕಾಯುವುದೇ ಅವಳ ಹುದ್ದೆ. ಸದ್ದು ಅಳೆಯುವ ಡಬ್ಬಿಯೊಂದನ್ನು ಕೊರಳಿಗೆ ತೂಗುಹಾಕಿಕೊಂಡು ಓಡಾಡುತ್ತಾಳೆ. ನಾನು "ನಮಸ್ಕಾರಮ್ಮಾ" ಅಂದರೂ ಆ ಡಬ್ಬಿಯ ಮುಳ್ಳು ಬೆಚ್ಚಿ ಬಲಕ್ಕೆ ಹಾರುತ್ತದೆ.

"ಇಪ್ಪತ್ತೆರಡು ವರ್ಷ ಈ ಯಂತ್ರದ ಪಕ್ಕ ನಿಂತಿದೀರಿ, ಕಿವಿಗೆ ಬಿರಡೆ ಹಾಕ್ಕೊಂಡಿಲ್ಲ," ಎಂದಳು.

"ಬಿರಡೆ ಹಾಕ್ಕೊಂಡು ಯಾರಾದ್ರೂ ನಾಟಕ ನೋಡ್ತಾರೇನಮ್ಮಾ?" ಎಂದೆ. ಶೆಡ್ಡೆಲ್ಲ ನಕ್ಕಿತು.

ನಮ್ಮಪ್ಪ ಊರೂರು ಸುತ್ತುವ ನಾಟಕದ ಕಂಪನಿಯಲ್ಲಿ ರಾಕ್ಷಸನ ಪಾತ್ರದವನು. ಮೈಕು ಕೈಕೊಟ್ಟರೂ ಕೊನೆಯ ಸಾಲಿನವನ ಚಪ್ಪಲಿ ಅದುರಬೇಕು ಎನ್ನುತ್ತಿದ್ದ. ಆ ಗಂಟಲು ನನಗೆ ಬಂದಿದೆ, ಆ ಕಿವಿಯೂ ಬಂದಿದೆ. ಹಾಗಾಗಿಯೇ ನಮ್ಮ ಯಂತ್ರ ನನಗೆ ಒಲಿದದ್ದು.

ಅದೆಂಥ ಯಂತ್ರ! ಮೊಟ್ಟೆಯ ಬಿಳಿಯನ್ನು ಪುಡಿ ಮಾಡುತ್ತದೆ. ಬೇರೆ ಕಡೆ ಬಿಸಿಗಾಳಿ ಒಂದೇ ಸಮನೆ ಬೀಸುತ್ತದೆ, ತೂಕಡಿಸುವ ಮೇಷ್ಟರ ಪಾಠದ ಹಾಗೆ. ಆಗ ಹನಿಯ ಸುತ್ತ ಅದರದೇ ಆವಿ ಕಂಬಳಿ ಹೊದ್ದಂತೆ ನಿಂತುಬಿಡುತ್ತದೆ. ಶಾಖ ಒಳಗೆ ಹೋಗಲಾರದು, ತೇವ ಹೊರಗೆ ಬರಲಾರದು. ನಮ್ಮದರಲ್ಲಿ ಬೆಂಕಿ ಮಿಡಿಯುತ್ತದೆ! ಸೆಕೆಂಡಿಗೆ ನೂರು ಚಿಲ್ಲರೆ ಸಲ ಹೊತ್ತಿ ಆರಿ, ಹೊತ್ತಿ ಆರಿ, ಗಾಳಿಯನ್ನು ಮುಂದಕ್ಕೆ ನೂಕಿ ಹಿಂದಕ್ಕೆ ಜಗ್ಗುತ್ತದೆ. ಆ ಎಳೆದಾಟದಲ್ಲಿ ಹನಿ ಚೂರುಚೂರು, ಕಂಬಳಿ ಚಿಂದಿಚಿಂದಿ. ರೆಪ್ಪೆ ಮುಚ್ಚಿ ತೆಗೆಯುವುದರೊಳಗೆ ನೀರೆಲ್ಲ ಮಾಯ. ಅಂಥ ಬೆಂಕಿಯ ಬಾಯೊಳಗೆ ಹೋಗಿ ಬಂದರೂ ಮೊಟ್ಟೆ ಬೇಯುವುದಿಲ್ಲ ಕಣೇ ಡೈರಿ! ಹೊರಡುವ ನೀರು ಶಾಖವನ್ನು ತಾನೇ ಹೊತ್ತುಕೊಂಡು ಹೋಗುತ್ತದೆ. ನೀರಿರುವಷ್ಟು ಹೊತ್ತು ಕಣ ತಣ್ಣಗೆ. ನೀರು ತೀರಿದ ಮೇಲೂ ಬೆಂಕಿ ಏರುತ್ತಲೇ ಇದ್ದರೆ ಮಾತ್ರ ಅನಾಹುತ.

ಆ ಬೆಂಕಿಯ ತಿರುಗಣೆ ನನ್ನ ಕೈಯಲ್ಲಿ. ಮಿಡಿತ ಹದವಾಗಿದೆಯೋ ಇಲ್ಲವೋ ಎಂದು ಕಿವಿಯಲ್ಲೇ ಹೇಳುತ್ತೇನೆ. ಮೇಲಿನ ಅಟ್ಟಣೆಯಲ್ಲಿ ನಿಂತು ಮೊಟ್ಟೆಯ ದ್ರವ ಬಿಡುವವನು ಸೊಳ್ಳೆ. ಕಡ್ಡಿ ಮೈ, ಕೀಚಲು ದನಿ, ಅದಕ್ಕೇ ಆ ಹೆಸರು. ನನಗೆ ಶೆಡ್ಡಿನಲ್ಲಿ 'ಮಹಾರಾಜರು' ಎಂಬ ಬಿರುದಿದೆ. ಹದಿನಾಲ್ಕು ವರ್ಷದಿಂದ ನಮ್ಮಿಬ್ಬರ ನಡುವೆ ಎರಡೇ ಮಾತು. ದ್ರವ ಸಲೀಸಾಗಿ ಇಳಿಯುತ್ತಿದ್ದರೆ "ಹಾಕಿ ಅಣ್ಣಾ!" ಎನ್ನುತ್ತಾನೆ, ನಾನು ಗ್ಯಾಸು ಒಂದು ಗೆರೆ ಏರಿಸುತ್ತೇನೆ. ದ್ರವ ಕಟ್ಟಿಕೊಂಡರೆ "ಸಾಕು!" ಎನ್ನುತ್ತಾನೆ, ನಾನು ಬೆಂಕಿಯನ್ನು ತಳಕ್ಕೆ ಇಳಿಸುತ್ತೇನೆ. ಅವನು ಪಕ್ಕದ ಕಿಂಡಿ ತೆಗೆದು, ನಳಿಗೆಯ ಬಾಯಿ ಕೆರೆದು, ಮುಚ್ಚುತ್ತಾನೆ. ಪುಸ್ತಕದ ಪ್ರಕಾರ ಯಂತ್ರವನ್ನು ಪೂರ್ತಿ ಆರಿಸಿ ಅರ್ಧ ಗಂಟೆ ಕಾಯಬೇಕು. ಪುಸ್ತಕ ಬರೆದವನಿಗೆ ನಮ್ಮಿಬ್ಬರ ಪರಿಚಯವಿಲ್ಲ!

ಇಂಥ ನನ್ನನ್ನು ಯಂತ್ರದಿಂದ ಬಿಡಿಸುತ್ತಾರಂತೆ. ರಂಗದ ನಡುವಿನಿಂದ ರಾಜನನ್ನು ಎಳೆದು ತಂದು ಬಾಗಿಲಲ್ಲಿ ಟಿಕೆಟ್ ಹರಿಯಲು ನಿಲ್ಲಿಸುತ್ತಾರಂತೆ. ಬರಲಿ ಏಪ್ರಿಲ್ ಹನ್ನೊಂದು. ನೋಡಿಯೇ ಬಿಡೋಣ.

ಮಾರ್ಚ್ 6, ಗುರುವಾರ

ಇಂಜಿನಿಯರಮ್ಮ ಯಂತ್ರಕ್ಕೂ ನನಗೂ ನಡುವೆ ಗೋಡೆ ಎಬ್ಬಿಸಿದಳು. ಎರಡು ಪದರ ತಗಡು, ಒಳಗೆ ಗಾಜಿನ ಹತ್ತಿ. ಮೇಲ್ಗಡೆ ಒಂದು ಮೊಳ ಸಂದು ಬಿಟ್ಟಿದ್ದಾರೆ. ಸೊಳ್ಳೆ ಈಗ ಕಾಣುವುದಿಲ್ಲ, ಆ ಸಂದಿನಿಂದ ಅವನ ದನಿ ಮಾತ್ರ ಬರುತ್ತದೆ.

"ಇಬ್ಬರ ಮಧ್ಯೆ ದೀಪದ ಸಂಜ್ಞೆ ಹಾಕಿಸ್ತೀನಿ. ಸಾಮಾನು ಬರೋಕೆ ಮೂರು ವಾರ ಆಗುತ್ತೆ. ಅಲ್ಲೀವರೆಗೂ ದ್ರವ ಕಟ್ಟಿಕೊಂಡ್ರೆ ಯಂತ್ರ ಆರಿಸಿಯೇ ಮುಟ್ಟಬೇಕು," ಎಂದಳು.

"ದೀಪ ಯಾಕಮ್ಮಾ? ಇಬ್ಬರಿಗೂ ಬಾಯಿದೆ."

"ಕಿವಿ?"

"ಅದೂ ಜೋಡಿ ಜೋಡಿ ಇದೆ!"

ಮತ್ತೆ ಶೆಡ್ಡೆಲ್ಲ ನಕ್ಕಿತು. ಆದರೆ ನಿಜ ಹೇಳಲೇ? ಈ ಗೋಡೆ ಬಂದ ಮೇಲೆ ಯಂತ್ರದ ದನಿ ಮಂಕಾಗಿದೆ. ಅದರಲ್ಲೊಂದು ಸಣ್ಣ ಸಿಳ್ಳು ಇರುತ್ತಿತ್ತು, ಮೆರವಣಿಗೆಯ ತುದಿಯಲ್ಲಿ ಕೊಳಲು ಊದುವವನ ಹಾಗೆ. ಅದು ಕೇಳುತ್ತಿಲ್ಲ. ಗಾಜಿನ ಹತ್ತಿ ನುಂಗಿರಬೇಕು. ಒಳ್ಳೆಯ ನಟನ ಬಾಯಿಗೆ ಬಟ್ಟೆ ತುರುಕಿದರು, ಪಾಪಿಗಳು!

ಸಂಜೆ ಮನೆಯಲ್ಲಿ ರೇಡಿಯೋ ಹಾಕಿದೆ. ವಾರ್ತೆ ಓದುವವರು ಕೂಡ ಈಗ ಬಾಯೊಳಗೇ ಓದುತ್ತಾರೆ. ಗುಂಡಿ ತಿರುಗಿಸಿದೆ. ನಮ್ಮವಳು ಅಡುಗೆಮನೆಯಿಂದ ಬಂದು ಎದುರಿಗೆ ನಿಂತು, ಸೊಂಟದ ಮೇಲೆ ಕೈಯಿಟ್ಟು ಹೇಳಿದಳು: "ಪಕ್ಕದ ಮನೆಯವರು ಅವರ ರೇಡಿಯೋ ಮಾರಿಬಿಟ್ರಂತೆ. ನಮ್ಮದೇ ಸಾಕಾಗುತ್ತಂತೆ."

ಹೆಂಡತಿಯ ಮಾತಿಗೆ ಚಪ್ಪಾಳೆ ತಟ್ಟುವ ವಯಸ್ಸು ದಾಟಿದೆ. ಆದರೂ ತಟ್ಟಿದೆ.

ಮಾರ್ಚ್ 12, ಬುಧವಾರ

ಎಲೈ ಡೈರಿಯೇ, ಕೇಳು ಈ ಅಪಮಾನವನ್ನು!

ಹತ್ತೂವರೆಯ ಸಮಯ. ಯಂತ್ರ ಭರದಿಂದ ಓಡುತ್ತಿದೆ. ಸೊಳ್ಳೆ ಮೇಲಿನಿಂದ "ಹಾಕಿ" ಎಂದ, ಏರಿಸಿದೆ. "ಹಾಕಿ" ಎಂದ, ಏರಿಸಿದೆ. ಆಮೇಲೆ ಏನೆಂದ ಗೊತ್ತೇ? "ಹಾಕು!" ಎಂದ. ಹಾ-ಕು! ನನಗೆ! ನಾನು ಗೋಡೆಯಾಚೆ ಕಾಣುವುದಿಲ್ಲವೆಂದ ಮಾತ್ರಕ್ಕೆ ಮರ್ಯಾದೆಯೂ ಗೋಡೆಯಾಚೆ ಉಳಿಯಿತೇ? ಹದಿನಾಲ್ಕು ವರ್ಷ ಅಣ್ಣ, ನೀವು, ಹೋಗಿ, ಬನ್ನಿ ಎಂದ ನಾಲಿಗೆ ಒಂದು ತಗಡಿನ ಮರೆ ಸಿಕ್ಕ ಕೂಡಲೇ ಏಕವಚನಕ್ಕೆ ಇಳಿಯಿತೇ? ಕೆಲಸ ಕೆಲಸವೇ. ಏರಿಸಿದೆ. ಮತ್ತೆ "ಹಾಕು! ಹಾಕು!" ಎಂದು ಚೀರಿದ. ಮತ್ತೂ ಏರಿಸಿದೆ.

ಆ ಮಾಲೆಲ್ಲ ಕಂದಿ ಬಂತು. ಬೆಳ್ಳಗೆ ಹಿಟ್ಟಿನಂತಿರಬೇಕಾದದ್ದು ಚಹಾ ಚೆಲ್ಲಿದ ಬಟ್ಟೆಯಂತೆ. ಎರಡು ಮೂಟೆ ಹಂದಿಗಳ ಮೇವಿಗೆ ಹೋಯಿತು.

ಸೊಳ್ಳೆ ದಡದಡ ಇಳಿದು ಬಂದ. ನಾನು ಅವನಿಗೆ ಬೆನ್ನು ಕೊಟ್ಟು ನಿಂತೆ. ಬೆನ್ನ ಹಿಂದೆ ಏನೇನೋ ಗುಂಯ್‌ಗುಟ್ಟಿದ. ತಪ್ಪಾಯಿತು ಎನ್ನುತ್ತಿರಬೇಕು. ನಾನು ತಿರುಗಲಿಲ್ಲ. "ಆಯ್ತಾಯ್ತು, ಹೋಗು," ಎಂದು ತಲೆ ಆಡಿಸಿದೆ. ಹೋದ.

ದೊಡ್ಡವರು ಕ್ಷಮಿಸಬೇಕು. ಆದರೆ ಮರೆಯಬೇಕು ಎಂದು ಯಾವ ನಾಟಕದಲ್ಲೂ ಬರೆದಿಲ್ಲ.

ಮಾರ್ಚ್ 14, ಶುಕ್ರವಾರ

ಸೊಳ್ಳೆಯೊಂದಿಗೆ ಮಾತು ಬಿಟ್ಟಿದ್ದೇನೆ. ಊಟದ ಹೊತ್ತಿಗೆ ಅವನು ತನ್ನ ಡಬ್ಬಿ ತೆರೆದು ಏನೋ ಹೇಳುತ್ತಾನೆ, ನಾನು ಕಿಟಕಿ ನೋಡುತ್ತೇನೆ. ಇವತ್ತು ಎರಡು ಸಲ ಭುಜ ಮುಟ್ಟಿದ. ಕೊಡವಿಕೊಂಡೆ.

ಮಾರ್ಚ್ 19, ಬುಧವಾರ

ಮನೆಯಲ್ಲೂ ಎಲ್ಲ ಕೆಟ್ಟು ಕೂತಿದೆ. ಕುಕ್ಕರ್ ಕೂಗುವುದನ್ನು ಬಿಟ್ಟಿದೆ. ನಮ್ಮವಳು ಬಟ್ಟೆ ಒಣಹಾಕಲು ಮೇಲಕ್ಕೆ ಹೋಗುತ್ತಾ "ಮೂರು ಕೂಗು ಆದ್ಮೇಲೆ ಆರಿಸಿ" ಎಂದು ಹೇಳಿ ಹೋದಳು. ಅವಳ ಬಲಭುಜ ಹಿಡಿದುಕೊಂಡು ಹತ್ತು ದಿನವಾಯಿತು, ಕೈ ಕಿವಿಯ ಮಟ್ಟಕ್ಕೂ ಏಳುವುದಿಲ್ಲ. ಒಂದೇ ಕೈಯಲ್ಲಿ ಬಟ್ಟೆ ಹರವಲು ಅರ್ಧ ಗಂಟೆ. ನಾನು ಒಲೆಯ ಪಕ್ಕ ಕುರ್ಚಿ ಹಾಕಿಕೊಂಡು ಕಾವಲು ಕೂತೆ. ಒಂದು ಕೂಗೂ ಇಲ್ಲ. ಕೊನೆಗೆ ಸೀದ ವಾಸನೆ ಮಹಡಿಗೆ ಹೋಗಿ ಅವಳನ್ನು ಕರೆದುಕೊಂಡು ಬಂತು.

"ಪಕ್ಕದಲ್ಲೇ ಕೂತಿದೀರಲ್ಲ!"

"ಕೂಗಲಿಲ್ಲ ಕಣೇ! ಅದರ ಸಿಳ್ಳೆ ಕೆಟ್ಟಿದೆ, ರಬ್ಬರು ಬದಲಾಯಿಸು."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಏನೋ ಹೇಳಿದಳು, ಪಾತ್ರೆ ಕಡೆಗೆ ತಿರುಗಿ. ನಾನು "ಹೂಂ" ಎಂದೆ.

"ಏನು ಹೂಂ? ಡಾಕ್ಟರ ಹತ್ರ ಯಾವತ್ತು ಹೋಗೋಣ ಅಂತ ಕೇಳಿದೆ."

"ನಿನ್ನ ಭುಜಕ್ಕೆ ತಾನೆ? ನಾಳೆಯೇ ಹೋಗೋಣ!"

ಅವಳು ತಳ ಹಿಡಿದ ಪಾತ್ರೆಗೆ ನೀರು ಬಿಟ್ಟಳು, ಬಹಳ ಹೊತ್ತು.

ಈ ವರ್ಷ ಗುಬ್ಬಿಗಳು ಸಹ ಮೂಕವಾಗಿವೆ. ಕಿಟಕಿಯ ಮೇಲೆ ಬಂದು ಕೂರುತ್ತವೆ, ಕೊಕ್ಕು ತೆರೆಯುತ್ತವೆ, ಮುಚ್ಚುತ್ತವೆ. ಕಾಲವೇ ಹಾಗೆ. ಬಾಯಿಬಿಟ್ಟು ಮಾತಾಡುವವನು ನಾನೊಬ್ಬನೇ ಉಳಿದಿದ್ದೇನೆ.

ಮಾರ್ಚ್ 26, ಬುಧವಾರ

ಹನ್ನೊಂದು ಗಂಟೆ ಹತ್ತು ನಿಮಿಷ. ದ್ರವ ಕಟ್ಟಿಕೊಂಡಿತ್ತಂತೆ. ನನಗೆ ಗೊತ್ತಿಲ್ಲ, ಗೋಡೆ. "ಹಾಕು" ಎಂದ. ಏರಿಸಿದೆ. "ಹಾಕು" ಎಂದ. ಏರಿಸಿದೆ.

ಅವನು ಕಿಂಡಿ ತೆಗೆದಿದ್ದ.

ನೀರಿಲ್ಲದ ಪುಡಿ ಒಳಗೆ ಹೊತ್ತಿಕೊಂಡು ಕಿಂಡಿಯಿಂದ ಹೊರಗೆ ಬಂತು. ಎರಡು ಕೈ, ಮೊಣಕೈವರೆಗೆ. ಕಣ್ಣಿಗೆ ತಗುಲಿಲ್ಲ, ಕನ್ನಡಕ ಇತ್ತು. ನಾನು ತಿರುಗಣೆ ಮುಚ್ಚಿ ಏಣಿ ಹತ್ತಿದಾಗ ಅವನು ಕೂತಿದ್ದ. ಎರಡು ಕೈಯನ್ನೂ ಮುಂದಕ್ಕೆ ಚಾಚಿಕೊಂಡು, ಯಾರಿಗೋ ಏನೋ ಕೊಡುವವನ ಹಾಗೆ. ಬಾಯಿ ತೆರೆದಿತ್ತು. ಕಿರುಚುತ್ತಿದ್ದಿರಬೇಕು. ಯಂತ್ರ ಆರಿತ್ತು, ಆದರೂ ನನಗೆ

ಇವತ್ತು ಬರೆಯಲಾರೆ.

ಮಾರ್ಚ್ 27, ಗುರುವಾರ

ಇಂಜಿನಿಯರಮ್ಮ ಕೂರಿಸಿಕೊಂಡು ಹೇಳಿಕೆ ಬರೆದುಕೊಂಡಳು.

"ಅವರು 'ಸಾಕು' ಅಂತ ಕೂಗಿ, ನೀವು ಬೆಂಕಿ ಇಳಿಸಿರ್ತೀರಿ ಅಂದ್ಕೊಂಡು ಕಿಂಡಿ ತೆಗೆದೆ ಅಂತಿದಾರೆ."

"ಸುಳ್ಳು!" ಮೇಜಿನ ಮೇಲಿದ್ದ ಲೋಟ ಅದುರಿತು. "ಅವನು ಅಂದದ್ದು 'ಹಾಕು' ಅಂತ. ಏಕವಚನದಲ್ಲಿ. ನನ್ನ ಈ ಎರಡು ಕಿವಿಯಾರೆ ಕೇಳಿದೀನಿ. ಹಾಕು ಅಂದ, ಹಾಕಿದೆ."

"ಎಷ್ಟು ಸಲ ಅಂದ್ರು?"

"ಎರಡು ಸಲ. ಸ್ಪಷ್ಟವಾಗಿ."

ಅವಳು ಬರೆದಳು. ಬರೆದು ಪೆನ್ನನ್ನು ಕೆನ್ನೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತ ಕೂತಳು. "ಕಿವಿ ಪರೀಕ್ಷೆ ನಿಮಗೆ ಸ್ವಲ್ಪ ಮುಂಚೆನೇ ಮಾಡಿಸೋಣ್ವಾ?"

"ಹನ್ನೊಂದು ಅಂದ್ರೆ ಹನ್ನೊಂದು. ತಪ್ಪು ಮಾಡಿದವನು ಆಸ್ಪತ್ರೇಲಿದಾನೆ, ಪರೀಕ್ಷೆ ನನಗಾ?"

ಬೇರೆ ಯಾರೂ ಕೇಳಿಸಿಕೊಂಡಿಲ್ಲ, ಆ ಸದ್ದಿನಲ್ಲಿ ಕೇಳಿಸುವಂತೆಯೂ ಇಲ್ಲ. ಅವನ ಮಾತಿಗೆ ನನ್ನ ಮಾತು. ನನ್ನದು ಇಪ್ಪತ್ತೆರಡು ವರ್ಷದ ಮಾತು. ಬೆಂಕಿ ಏರಿಸಲು ಹೇಳಿ ತಾನೇ ಕಿಂಡಿ ತೆಗೆದ ಎಂದು ಆದರೆ ಅವನ ಕೆಲಸ ಹೋಗುತ್ತದೆ. ಮಂಗಳವಾರ ದೊಡ್ಡವರು ಕೂತು ತೀರ್ಮಾನ ಮಾಡುತ್ತಾರಂತೆ.

ಅವನು ಯಾಕೆ ಸುಳ್ಳು ಹೇಳಬೇಕು? ಕೈ ಸುಟ್ಟಿದೆ, ಕೆಲಸವೂ ಹೋದೀತೆಂಬ ಹೆದರಿಕೆ. ಅರ್ಥವಾಗುತ್ತದೆ. ಆದರೆ ಸುಳ್ಳು ಸುಳ್ಳೇ.

ಮಾರ್ಚ್ 29, ಶನಿವಾರ

ಯಂತ್ರ ನಿಂತಿದೆ. ಶೆಡ್ಡು ನಿಶ್ಶಬ್ದ. ಅಲ್ಲ, ನಿಶ್ಶಬ್ದವಿಲ್ಲ. ಎಲ್ಲೋ ಒಂದು ತಂತಿ ಎಡೆಬಿಡದೆ ಕುಂಯ್ ಎನ್ನುತ್ತದೆ. ವಿದ್ಯುತ್ ಪೆಟ್ಟಿಗೆ ಇರಬೇಕು ಎಂದುಕೊಂಡೆ. ಮನೆಗೆ ಬಂದೆ, ಅದೂ ಬಂತು.

ಮಾರ್ಚ್ 30, ಭಾನುವಾರ

ಇದನ್ನು ನಡೆದ ಹಾಗೆಯೇ ಬರೆಯಬೇಕು.

ನಮ್ಮವಳ ಭುಜ ಇನ್ನೂ ಸರಿಹೋಗಿಲ್ಲ. ತಲೆಗೆ ನೀರು ಹಾಕಿಕೊಡಿ ಎಂದಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ತಲೆ ಬಗ್ಗಿಸಿ, ಕೂದಲನ್ನೆಲ್ಲ ಮುಂದಕ್ಕೆ ಬಿಟ್ಟುಕೊಂಡಳು. ನಾನು ಹಿಂದೆ ನಿಂತು ಚೊಂಬಿನಲ್ಲಿ ಬಿಸಿನೀರು ಹುಯ್ಯುತ್ತಿದ್ದೆ. "ಹಾಕಿ" ಎಂದಳು. ಹುಯ್ದೆ. ಎಡಗೈಯಲ್ಲಿ ಉಜ್ಜಿಕೊಂಡಳು. "ಹಾಕಿ" ಎಂದಳು. ಹುಯ್ದೆ.

"ಹಾಕು" ಎಂದಳು.

ಚೊಂಬು ಕೈಯಲ್ಲೇ ನಿಂತಿತು. ಮೂವತ್ತೊಂದು ವರ್ಷದಲ್ಲಿ ಇವಳು ನನ್ನನ್ನು ಏಕವಚನದಲ್ಲಿ ಕರೆದದ್ದಿಲ್ಲ. ಸಿಟ್ಟಿನಲ್ಲಿ ಸಹ ಇಲ್ಲ. ಮೊದಲನೆಯ ಹೆರಿಗೆಯಲ್ಲಿ ನನಗೆ ಶಾಪ ಹಾಕಿದಾಗ ಕೂಡ "ನೀವು ಹಾಳಾಗಿ ಹೋಗಿ" ಎಂದೇ ಅಂದವಳು. ನನಗೆ ನಗು ಬಂತು. "ಅಪ್ಪಣೆ, ಮಹಾರಾಣಿ!" ಎಂದು ತುಂಬ ಹುಯ್ದೆ. ಮತ್ತೆ "ಹಾಕು" ಎಂದಳು. ಮತ್ತೆ ಹುಯ್ದೆ. "ಹಾಕು! ಹಾಕು!" ಇನ್ನೆರಡು ಚೊಂಬು.

ಅವಳು ಕೆಮ್ಮುತ್ತ ಎದ್ದಳು. ಕೂದಲು ಮುಖದಿಂದ ಸರಿಸಿ ನನ್ನ ಕಡೆ ತಿರುಗಿದಳು. "ಸಾಕು ಸಾಕು ಅಂತ ಎಷ್ಟು ಸಲ ಹೇಳೋದು ನಿಮಗೆ? ಮೂಗಿನೊಳಗೆಲ್ಲ ನೀರು ಹೋಯ್ತು!"

ಈಗ ಅವಳ ಬಾಯಿ ಕಾಣುತ್ತಿತ್ತು. ಹಲ್ಲು ಹತ್ತಿರ ಬಂದು ಆಡಿದ ಅಕ್ಷರ. ಸಾ.

"ಆ ಕಡೆ ತಿರುಗಿ ಹೇಳು," ಎಂದೆ.

"ಏನನ್ನ?"

"ಈಗ ಅಂದ್ಯಲ್ಲ, ಅದನ್ನೇ."

ತಿರುಗಿದಳು. ಹೇಳಿದಳು. ಹಾಕು.

"ಈ ಕಡೆ ತಿರುಗಿ ಹೇಳು."

ತಿರುಗಿ ಹೇಳಿದಳು. ಸಾಕು.

ನಾಲ್ಕು ಸಲ ಹೇಳಿಸಿದೆ. ಅವಳು ನಡುಗುತ್ತಿದ್ದಳು, ಒದ್ದೆ ತಲೆ. ಆ ಕಡೆ ತಿರುಗಿದರೆ ಹಾಕು, ಈ ಕಡೆ ತಿರುಗಿದರೆ ಸಾಕು. ಅವಳು ಆಡಿದ್ದು ಒಂದೇ ಮಾತು.

ಬಚ್ಚಲ ಹೊಸ್ತಿಲ ಮೇಲೆ ಕೂತುಬಿಟ್ಟೆ. "ಏನಾಯ್ತು? ಎದೆ ನೋವಾ?" ಎಂದು ಅವಳು ಎದುರಿಗೆ ಕೂತು ನನ್ನ ಮುಖ ಹಿಡಿದುಕೊಂಡಳು. ಎಲ್ಲ ಅವಳ ಬಾಯಲ್ಲೇ ಓದಿದೆ.

ಸೊಳ್ಳೆ ನನ್ನನ್ನು ಒಂದು ದಿನವೂ ಏಕವಚನದಲ್ಲಿ ಕರೆದಿಲ್ಲ.

ಮಾರ್ಚ್ 31, ಸೋಮವಾರ

ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಬಾಗಿಲು ಹಾಕಿಕೊಂಡು ಕನ್ನಡಿಯ ಮುಂದೆ ನಿಂತೆ. ಹೊಸ ರಬ್ಬರು ಹಾಕಿದ ಕುಕ್ಕರ್ ಒಲೆಯ ಮೇಲಿತ್ತಂತೆ. ನಮ್ಮವಳು ಬಂದು ಬಾಗಿಲು ತಟ್ಟಿ ಊಟಕ್ಕೆ ಕರೆದಳು. ಮೂರು ಸಲ ಕೂಗಿತೇ ಎಂದು ಕೇಳಿದೆ. ಕೂಗಿತು ಎಂದಳು.

ಏಪ್ರಿಲ್ 1, ಮಂಗಳವಾರ

ಹೇಳಿದೆ.

ಉದ್ದದ ಮೇಜು. ಐದು ಜನ. ನನಗೆ ಎಲ್ಲರ ಬಾಯಿಯೂ ಕಾಣುವ ಹಾಗೆ ತುದಿಯಲ್ಲಿ ಕುರ್ಚಿ ಕೇಳಿ ಹಾಕಿಸಿಕೊಂಡೆ.

"ಅವನು ಸಾಕು ಅಂದಿದಾನೆ. ನನಗೆ ಹಾಕು ಅಂತ ಕೇಳಿಸಿದೆ," ಎಂದೆ.

ಇಂಜಿನಿಯರಮ್ಮ ಕೇಳಿದಳು: "ಯಾವಾಗಿಂದ ಹೀಗೆ?"

"ಗೊತ್ತಿಲ್ಲಮ್ಮ. ಗೋಡೆ ಬರೋ ಮುಂಚೆ ಅವನ ಬಾಯಿ ನೋಡ್ಕೊಂಡೇ ಕೆಲಸ ಮಾಡ್ತಿದ್ದೆ ಅನ್ಸುತ್ತೆ. ಕೇಳಿಸ್ತಿದೆ ಅಂದ್ಕೊಂಡಿದ್ದೆ."

ಅದನ್ನು ಬರೆಯುವ ಮುಂಚೆ ಅವಳು ತಲೆ ತಗ್ಗಿಸಿದಳು. ಗೋಡೆ ಅವಳದು.

"ಬೆಂಕಿ ಇದ್ದ ಹಾಗೇ ಕಿಂಡಿ ತೆಗೆಯೋದು ಯಾರು ಹೇಳಿಕೊಟ್ಟಿದ್ದು?"

"ನಾನು. ಅವನು ಕೆಲಸಕ್ಕೆ ಸೇರಿದ ವಾರವೇ."

"ಹಿಂದೆ ಯಾವತ್ತಾದ್ರೂ ಹೀಗಾಗಿತ್ತಾ?"

"ಹನ್ನೆರಡನೇ ತಾರೀಕು. ಮಾಲು ಕಂದಿತ್ತು. ಅವನು ಇಳಿದು ಬಂದು ನನ್ನ ಬೆನ್ನ ಹಿಂದೆ ನಿಂತು ಹೇಳಿದ. ಏನು ಹೇಳಿದ ಅಂತ ನನಗೆ ಗೊತ್ತಿಲ್ಲ. ಕೇಳಿಸಿದ ಹಾಗೆ ತಲೆ ಆಡಿಸಿದೆ."

ಮೇಜಿನ ಆಚೆ ತುದಿಯವರು ಒಬ್ಬರನ್ನೊಬ್ಬರು ನೋಡಿಕೊಂಡರು. ಅವರಲ್ಲೊಬ್ಬರು ಏನೋ ಅಂದರು. ಬಾಯಿಗೆ ಕೈ ಅಡ್ಡ ಇತ್ತು.

ಸೊಳ್ಳೆಯ ಮೇಲೆ ತಪ್ಪಿಲ್ಲ ಎಂದು ಬರೆದುಕೊಂಡರು. ಸಹಿ ಹಾಕಿದೆ. ಮನೆಗೆ ನಡೆದುಕೊಂಡು ಬಂದೆ. ದಾರಿಯಲ್ಲಿ ಹಿಂದಿನಿಂದ ಬಂದ ಸೈಕಲ್ಲಿನವನು ಮೈಗೆ ಉಜ್ಜಿಕೊಂಡು ಹೋಗಿ ತಿರುಗಿ ಬೈದ. ಅವನು ಗಂಟೆ ಹೊಡೆದಿರಬೇಕು.

ಏಪ್ರಿಲ್ 5, ಶನಿವಾರ

ನಮ್ಮವಳು ಈಗ ಮಾತಾಡುವ ಮುಂಚೆ ನನ್ನ ತೋಳು ಮುಟ್ಟುತ್ತಾಳೆ. ನಾನು ತಿರುಗಿದ ಮೇಲೆ ಹೇಳುತ್ತಾಳೆ. ಅವಳ ಮೇಲಿನ ಹಲ್ಲೊಂದು ಸ್ವಲ್ಪ ಓರೆ ಇದೆ. ಎಡಗಡೆಯದು. ಯಾವಾಗಿನಿಂದ ಎಂದು ಕೇಳಿದೆ. ಹುಟ್ಟಿದಾಗಿನಿಂದ ಎಂದಳು.

ಇವತ್ತು ಅವಳ ತಂಗಿಯ ಮನೆಯ ವಿಷಯ ಹೇಳಿದಳು, ಸುಮಾರು ಒಂದು ಗಂಟೆ. ನಡುವೆ ನಾನು ಬಾಯಿ ಹಾಕಲಿಲ್ಲ. ಬಾಯಿ ಹಾಕಿದರೆ ಅವಳ ಬಾಯಿ ತಪ್ಪಿಹೋಗುತ್ತದೆ.

ಏಪ್ರಿಲ್ 11, ಶುಕ್ರವಾರ

ಕಪಾಟಿನಂಥ ಕೋಣೆ, ಗೋಡೆಗೆಲ್ಲ ಸ್ಪಂಜು. ಕಿವಿಗೆ ಎರಡು ಬಟ್ಟಲು ಮುಚ್ಚಿ, ಕೈಗೆ ಗುಂಡಿ ಕೊಟ್ಟರು. ಸದ್ದು ಕೇಳಿದಾಗ ಒತ್ತಿ ಎಂದರು. ಮೊದಲಿಗೆ ಕೆಲವು ದಪ್ಪ ಸದ್ದು ಬಂದವು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಮುಂದಿನದು ಶುರುವಾಗಲಿ ಎಂದು ಕಾದೆ. ಬೆರಳು ಗುಂಡಿಯ ಮೇಲೇ ಇಟ್ಟುಕೊಂಡಿದ್ದೆ.

ಬಾಗಿಲು ತೆರೆದರು. ಮುಗಿದಿತ್ತು.

ಸೋಮವಾರದಿಂದ ನನಗೆ ಡ್ರಮ್ಮು ತೊಳೆಯುವ ಕೆಲಸ. ಮನೆಗೆ ಬಂದು ನಡುಮನೆಯಲ್ಲಿ ಕೂತು ಇಲ್ಲದ ತಿರುಗಣೆ ತಿರುಗಿಸುತ್ತಿದ್ದೆ, ಬರಿಗೈಯಲ್ಲಿ. ನಮ್ಮವಳು ಬಂದು ಕೈ ಹಿಡಿದ ಮೇಲೆ ಗೊತ್ತಾಯಿತು.

ಏಪ್ರಿಲ್ 13, ಭಾನುವಾರ

ಆಸ್ಪತ್ರೆಗೆ ಹೋದೆವು. ಹದಿನೆಂಟು ದಿನದ ಮೇಲೆ. ಇಷ್ಟು ದಿನ ಯಾಕೆ ಹೋಗಲಿಲ್ಲ ಎಂದು ಇಲ್ಲಿ ಬರೆಯಲು ನೋಡಿದೆ. ಎರಡು ಸಲ ಬರೆದು ಹೊಡೆದುಹಾಕಿದೆ.

ಹೇಳಬೇಕಾದದ್ದನ್ನೆಲ್ಲ ಕಾಗದದ ಮೇಲೆ ಬರೆದುಕೊಂಡು ಹೋಗಿದ್ದೆ, ಎರಡೂ ಮಗ್ಗುಲು. ನಮ್ಮವಳು ಹೊರಗೆ ಬೆಂಚಿನ ಮೇಲೆ ಕೂತಳು, "ನೀವೇ ಮೊದಲು ಹೋಗಿ ಬನ್ನಿ" ಎಂದಳು.

ಉದ್ದನೆಯ ಕೋಣೆ, ಎರಡು ಸಾಲು ಮಂಚ. ಅವನದು ಕಿಟಕಿಯ ಪಕ್ಕದ್ದು. ಎರಡೂ ಕೈಗೆ ಮೊಣಕೈ ದಾಟಿ ಬಿಳಿ ಪಟ್ಟಿ, ದಿಂಬಿನ ಮೇಲೆ ಎತ್ತಿಟ್ಟಿದ್ದರು. ಅವನ ಅಕ್ಕ ಚಮಚದಲ್ಲಿ ಉಣ್ಣಿಸುತ್ತಿದ್ದಳು. ನನ್ನನ್ನು ನೋಡಿ ಚಮಚ ಬಟ್ಟಲಿಗೆ ಹಾಕಿದಳು. ಎದ್ದು ಹೋಗಲೂ ಇಲ್ಲ, ಕೂರಿ ಎನ್ನಲೂ ಇಲ್ಲ.

ಮಂಚದ ಕಾಲುಗಡೆ ನಿಂತು ಶುರು ಮಾಡಿದೆ. "ತಪ್ಪು ನನ್ನದು, ತಮ್ಮಾ. ಪೂರ್ತಿ ನನ್ನದು!" ಎರಡೂ ಸಾಲಿನ ಮಂಚಗಳಿಂದ ತಲೆಗಳು ಎದ್ದವು. ಬಾಗಿಲಲ್ಲಿ ನರ್ಸು ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ನನಗೆ ನನ್ನ ದನಿ ಸಣ್ಣದಾಗಿಯೇ ಕೇಳಿಸುತ್ತಿತ್ತು.

ಸೊಳ್ಳೆ ಕಿಟಕಿಯ ಕಡೆ ಮುಖ ಮಾಡಿದ್ದ. ಅವನ ಗಂಟಲ ಗಂಟು ಮೇಲೆ ಕೆಳಗೆ ಆಡಿತು. ಏನೋ ಹೇಳಿದ.

ಪರವಾಗಿಲ್ಲ ಅಣ್ಣಾ ಎಂದಿರಬೇಕು ಎಂದು ಮನಸ್ಸು ಮುಂದೆ ಓಡಿತು. ತಲೆ ಆಡಿಸಬೇಕೆಂದು ಕತ್ತು ತಾನಾಗಿಯೇ ಹೊರಟಿತ್ತು. ಹಿಡಿದು ನಿಲ್ಲಿಸಿದೆ.

"ಕೇಳಿಸಲಿಲ್ಲ," ಎಂದೆ. ಈ ಮಾತನ್ನು ನಾನು ಯಾರೊಂದಿಗೂ ಆಡಿದ ನೆನಪಿಲ್ಲ.

ಅವನು ಮತ್ತೆ ಹೇಳಿದ, ಕಿಟಕಿಗೇ.

"ಇಲ್ಲ ತಮ್ಮಾ, ಕೇಳಿಸ್ತಿಲ್ಲ. ಈ ಕಡೆ ತಿರುಗಿ ಹೇಳು."

ಅಕ್ಕ ನನ್ನನ್ನು ನೋಡಿದಳು. "ಬಿಡಿ, ಹೋಗಿ" ಎಂದಂತೆ ಕೈ ಮಾಡಿದಳು. ನಾನು ಬಿಡಲಿಲ್ಲ. ಮಂಚದ ಪಕ್ಕಕ್ಕೆ ಬಂದು, ಬಗ್ಗಿ, ಅವನ ಬಾಯಿಗೆ ನೇರವಾಗಿ ಮುಖ ಕೊಟ್ಟೆ.

ಅವನು ತಿರುಗಿದ. ಕಣ್ಣು ಒದ್ದೆಯಾಗಿತ್ತು. ಆ ಕೀಚಲು ದನಿಯಲ್ಲಿ ಎಷ್ಟು ಶಕ್ತಿಯಿತ್ತೋ ಅಷ್ಟನ್ನೂ ಹಾಕಿ ಕೂಗಿ ಹೇಳಿದ. ಕೋಣೆಗೆ ಕೋಣೆಯೇ ಕೇಳಿಸಿಕೊಂಡಿತು.

"ನಿಮ್ಮ ದನಿ ಕೇಳಿದ್ರೆ ನನ್ನ ಕೈ ಉರಿಯುತ್ತೆ, ಅಣ್ಣಾ! ಇನ್ಮೇಲೆ ಬರಬೇಡಿ!"

ಒಂದೇ ಮಾತನ್ನು ಮೂರು ಸಲ ಹೇಳಿಸಿದ್ದೆ. ಕಾಗದ ಜೇಬಿನಲ್ಲೇ ಇತ್ತು.

"ಕೇಳಿಸ್ತು," ಎಂದೆ. ಎಷ್ಟು ಮೆಲ್ಲಗೆ ಎಂದೆನೋ, ಅವನಿಗೆ ಕೇಳಿಸಿತೋ ಇಲ್ಲವೋ.